ಗಾಲ್ಫ್ ಮೈದಾನದ ಪಕ್ಕದ ಮನೆಗೆ ಅಡಿಕೆ ತೋಟ ಮಾರಬೇಕಾ?

ಮನೆ, ಸಾಲ, ಆಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಕಾಲೇಜು ಮೇಷ್ಟ್ರಾಗಿ ನಿವೃತ್ತನಾದವನು. ವಿದ್ಯಾನಗರದಲ್ಲಿ ಮನೆ, ಊರಲ್ಲೇ ಒಂದು ಸೈಟು, ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮ ತಂದೆಯ ಕಾಲದ ಎರಡು ಎಕರೆ ಅಡಿಕೆ ತೋಟ ಇವೆ. ಮಗ ಬೆಂಗಳೂರಲ್ಲಿದ್ದಾನೆ. ಮಗಳು, ಅಳಿಯ ಅಮೆರಿಕದ ಅಟ್ಲಾಂಟಾದಲ್ಲಿದ್ದಾರೆ, ಗ್ರೀನ್ ಕಾರ್ಡ್ ಬಂದಿದೆ. ಫ್ಲಾರಿಡಾದ ಫೋರ್ಟ್ ಮೈಯರ್ಸ್ ಹತ್ತಿರ, ಕಡಲಿಗೆ ಸಮೀಪದಲ್ಲಿ ಗಾಲ್ಫ್ ಮೈದಾನ ಇರುವ ಗೇಟೆಡ್ ಬಡಾವಣೆಯಲ್ಲಿ ಎರಡನೇ ಮನೆ ಅಂತ ಒಂದನ್ನು ನೋಡಿದ್ದಾರೆ. ಬೆಲೆ 5 ಲಕ್ಷ 80 ಸಾವಿರ ಡಾಲರ್. ‘ತೋಟ ಮಾರಿ ಒಂದೂಕಾಲು ಕೋಟಿ ಕಳಿಸಿ, ನಿಮ್ಮಿಬ್ಬರ ಹೆಸರನ್ನೂ ಪತ್ರದಲ್ಲಿ ಸೇರಿಸ್ತೀವಿ, ಚಳಿಗಾಲದಲ್ಲಿ ಬಂದು ಇರಿ, ಉಳಿದ ದಿನ ಬಾಡಿಗೆ ಬರುತ್ತೆ’ ಅನ್ನುತ್ತಾಳೆ ಮಗಳು. ಫೋಟೊ ನೋಡಿದರೆ ಸ್ವರ್ಗದ ಹಾಗಿದೆ. ಆದರೂ ಕೈ ಮುಂದೆ ಬರುತ್ತಿಲ್ಲ. ದಾರಿ ತೋರಿಸಿ.

ಉತ್ತರ: ಮೇಷ್ಟ್ರೇ, ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ತೋಟ ಮಾರಬೇಡಿ. ಅಲ್ಲಿನ ಕ್ರಯಪತ್ರದಲ್ಲಿ ನಿಮ್ಮ ಹೆಸರು, ಯಜಮಾನತಿಯವರ ಹೆಸರು ಬರೆಸಬೇಡಿ. ಮಗಳಿಗೆ ಕೊಡುವ ಮನಸ್ಸಿದ್ದರೆ ಸೈಟು ಮಾರಿ, ಕೈಲಾದಷ್ಟನ್ನು ಉಡುಗೊರೆಯಾಗಿ ಕೊಡಿ. ಅದಕ್ಕೂ ಮೊದಲು ಮಗಳು, ಅಳಿಯ ಅದೇ ಬಡಾವಣೆಯಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಾಡಿಗೆಗೆ ಇದ್ದು ನೋಡಲಿ. ಯಾಕೆ ಅಂತ ಈಗ ಹೇಳುತ್ತೇನೆ.

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಇದ್ದಷ್ಟೂ ಕಾಲ ನಾನು ಬೆಲೆಗಿಂತ ಮೊದಲು ಕೇಳುತ್ತಿದ್ದದ್ದು ಒಂದೇ: ಮನೆ ಕೈಗೆ ಬಂದಮೇಲೆ ತಿಂಗಳಿಗೆ ಎಷ್ಟು ಹೋಗುತ್ತೆ? ಗಾಲ್ಫ್ ಬಡಾವಣೆಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ ಕಾಗದದಲ್ಲಿ ಸಿಗೋದಿಲ್ಲ. ನನ್ನ ತಂಗಿ ಫೋರ್ಟ್ ಮೈಯರ್ಸ್ ಇರುವ ಲೀ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಅಂಥದೇ ಬಡಾವಣೆಯಲ್ಲಿ ಇದ್ದಾಳೆ. ಅವಳ ಅಡುಗೆಮನೆ ಮೇಜಿನ ಮುಂದೆ ಕೂತು ನಾವಿಬ್ಬರೂ ಬಿಲ್ಲುಗಳನ್ನು ಒಂದೊಂದಾಗಿ ಹರವಿಕೊಂಡು ನೋಡಿದ್ದೇವೆ. ಹಾಗಾಗಿ ಇದು ಬರೀ ಪುಸ್ತಕದ ಮಾತಲ್ಲ.

ಮೊದಲನೆಯದು ಬಡಾವಣೆಯ ಸಂಘದ ಶುಲ್ಕ, ಅಲ್ಲಿ ಎಚ್‌ಒಎ ಅನ್ನುತ್ತಾರೆ. ಗೇಟು, ರಸ್ತೆ, ಹುಲ್ಲು ಕತ್ತರಿಸುವುದು, ಈಜುಕೊಳ ಇದರಲ್ಲಿ ಬರುತ್ತೆ. ಎರಡನೆಯದು ಸಿಡಿಡಿ. ಇದು ಬಹಳ ಜನರ ಕಣ್ಣಿಗೆ ಬೀಳೋದೇ ಇಲ್ಲ. ಫ್ಲಾರಿಡಾದಲ್ಲಿ 1980ರ ಒಂದು ಕಾಯಿದೆ ಪ್ರಕಾರ, ಬಡಾವಣೆಯ ರಸ್ತೆ, ಚರಂಡಿ, ನೀರಿನ ವ್ಯವಸ್ಥೆಗೆ ಬಾಂಡ್ ಮೂಲಕ ಸಾಲ ಎತ್ತಿ, ಆ ಸಾಲವನ್ನು ಮನೆಗಳ ಮೇಲೆ ಹಂಚುತ್ತಾರೆ. ಕಂತು ಆಸ್ತಿ ತೆರಿಗೆಯ ಬಿಲ್ಲಿನ ಜೊತೆಗೇ ವರ್ಷ ವರ್ಷ ಬರುತ್ತೆ. ಮನೆ ಕೊಂಡವರು ಆ ಸಾಲದ ಬಾಕಿಯನ್ನೂ ಕೊಂಡ ಹಾಗೆ. ಎಲ್ಲ ಬಡಾವಣೆಯಲ್ಲೂ ಇರೋದಿಲ್ಲ. ಇದ್ದರೆ ಇನ್ನೂ ಎಷ್ಟು ವರ್ಷ, ಎಷ್ಟು ಬಾಕಿ ಅಂತ ಮಗಳು ಬರವಣಿಗೆಯಲ್ಲಿ ಕೇಳಿ ತಗೊಳ್ಳಲಿ.

ಆಮೇಲೆ ಕ್ಲಬ್ಬು. ಇಲ್ಲಿ ಮಗಳು ನೇರವಾಗಿ ಕೇಳಬೇಕಾದ ಮಾತು: ಸದಸ್ಯತ್ವ ಕಡ್ಡಾಯವೋ, ಇಷ್ಟವಿದ್ದರೆ ಮಾತ್ರವೋ? ಆ ಕಡೆ ಬಹಳಷ್ಟು ಬಡಾವಣೆಗಳಲ್ಲಿ ಗಾಲ್ಫ್ ಸದಸ್ಯತ್ವ ಮನೆಗೇ ಅಂಟಿಕೊಂಡಿರುತ್ತೆ, ಬಂಡಲ್ಡ್ ಅನ್ನುತ್ತಾರೆ. ನೀವು ಗಾಲ್ಫ್ ಕೋಲು ಹಿಡಿಯದಿದ್ದರೂ ದುಡ್ಡು ಕಟ್ಟಬೇಕು. ಇನ್ನು ಕೆಲವು ಕಡೆ ಮೈದಾನ ಸದಸ್ಯರದ್ದೇ. ಸೇರುವಾಗ ಒಂದು ದೊಡ್ಡ ಮೊತ್ತ, ಆಮೇಲೆ ತಿಂಗಳ ಚಂದಾ. ಅದಲ್ಲದೆ ಫುಡ್ ಮಿನಿಮಮ್ ಅಂತ ಇರುತ್ತೆ. ವರ್ಷಕ್ಕೋ ಮೂರು ತಿಂಗಳಿಗೋ ಇಷ್ಟು ಡಾಲರಿನ ಊಟವನ್ನು ಕ್ಲಬ್ಬಿನಲ್ಲೇ ಮಾಡಬೇಕು, ಮಾಡದಿದ್ದರೂ ಬಿಲ್ಲು ಬರುತ್ತೆ. ತಂಗಿ ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಕ್ಲಬ್ಬಿನ ಮೆನುವಿನಲ್ಲಿ ಅವರು ತಿನ್ನುವಂಥದ್ದು ಸಲಾಡು, ಆಲೂಗಡ್ಡೆ, ಒಂದೆರಡು ಪಾಸ್ತಾ. ಆ ದುಡ್ಡು ಮುಗಿಸೋದಕ್ಕೇ ಅಂತ ನೆಂಟರನ್ನು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಮನೆಯೂ ಹಾಗೇ ಇದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಆಸ್ತಿ ತೆರಿಗೆಯಲ್ಲಿ ಒಂದು ಸೂಕ್ಷ್ಮ ಇದೆ. ಮಗಳು ನಿಮಗೆ ಕಳಿಸಿರುವ ಕಾಗದದಲ್ಲಿ ಈಗಿನ ಮಾಲೀಕರು ಕಟ್ಟುವ ತೆರಿಗೆ ಇರಬಹುದು. ಅದನ್ನು ನಂಬಬೇಡಿ. ಫ್ಲಾರಿಡಾದಲ್ಲಿ ಒಬ್ಬರು ಖಾಯಂ ವಾಸಕ್ಕೆ ಇಟ್ಟುಕೊಂಡ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ 3ಕ್ಕಿಂತ ಜಾಸ್ತಿ ಏರಬಾರದು ಅಂತ ಮಿತಿ ಇದೆ. ಹದಿನೈದು ವರ್ಷ ಅಲ್ಲೇ ಇದ್ದವರ ತೆರಿಗೆ ಹಾಗಾಗಿ ಕಡಿಮೆ. ಮನೆ ಕೈ ಬದಲಾದ ಕೂಡಲೇ ಆ ಮಿತಿ ಹೋಗಿ, ಮುಂದಿನ ವರ್ಷದಿಂದ ಮಾರುಕಟ್ಟೆ ಬೆಲೆ ಮೇಲೆ ಲೆಕ್ಕ ಹಾಕುತ್ತಾರೆ. ನಿಮ್ಮ ಮಗಳ ಖಾಯಂ ಮನೆ ಅಟ್ಲಾಂಟಾದಲ್ಲಿದೆ. ಅಂದಮೇಲೆ ಖಾಯಂ ವಾಸದ ವಿನಾಯಿತಿಯೂ ಅವಳಿಗೆ ಸಿಗೋದಿಲ್ಲ.

ಇನ್ನು ಕಡಲು. ಮೇಷ್ಟ್ರೇ, ಇದನ್ನು ನಿಧಾನವಾಗಿ ಓದಿ.

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಅಪ್ಪಳಿಸಿದ್ದು ಇದೇ ಫೋರ್ಟ್ ಮೈಯರ್ಸ್ ಕರಾವಳಿಗೆ. ಗಾಳಿಯ ವೇಗ ಗಂಟೆಗೆ 240 ಕಿಲೋಮೀಟರ್. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಕಡಲ ನೀರು 10 ಅಡಿಗೂ ಮೀರಿ ಒಳಗೆ ನುಗ್ಗಿತು. 2024ರಲ್ಲಿ ಎರಡು ವಾರದೊಳಗೆ ಹೆಲೀನ್, ಮಿಲ್ಟನ್ ಎರಡೂ ಬಂದವು. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ತಂಗಿಯ ಮನೆ ಸಮುದ್ರದಿಂದ ಒಳಗಿದೆ, ಅಂಗಳದಿಂದ ಅಲೆ ಕಾಣೋದಿಲ್ಲ. ಆದರೂ ಗ್ಯಾರೇಜಿನ ಗೋಡೆಯಲ್ಲಿ ನನ್ನ ಮೊಣಕಾಲಿನ ಎತ್ತರಕ್ಕೆ ಒಂದು ಕಂದು ಗೆರೆ ಇದೆ. ಮೇಲೆ ಎರಡು ಸಲ ಬಣ್ಣ ಹೊಡೆಸಿದ್ದಾರೆ, ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಮತ್ತೆ ಕಾಣುತ್ತೆ. ವಾಷಿಂಗ್ ಮಷಿನ್ನನ್ನು ಈಗ ಸಿಮೆಂಟ್ ಕಟ್ಟೆ ಮೇಲೆ ಇಟ್ಟಿದ್ದಾರೆ.

ಮನೆ ವಿಮೆ ಇದೆಯಲ್ಲ ಅನ್ನಬಹುದು. ಅಲ್ಲಿನ ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹದ ನೀರು ಸೇರೋದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. 1968ರಲ್ಲಿ ಶುರುವಾದ ಸರ್ಕಾರದ ಪ್ರವಾಹ ವಿಮೆ ಯೋಜನೆ ಇದೆ. ಅದು ಒಂದು ಮನೆಯ ಕಟ್ಟಡಕ್ಕೆ ಹೆಚ್ಚೆಂದರೆ ಎರಡೂವರೆ ಲಕ್ಷ ಡಾಲರ್, ಒಳಗಿನ ಸಾಮಾನಿಗೆ 1 ಲಕ್ಷ ಡಾಲರ್ ಕೊಡುತ್ತೆ. ಅದರ ಮೇಲಿನದ್ದಕ್ಕೆ ಖಾಸಗಿ ವಿಮೆ ಹುಡುಕಬೇಕು. ಸಾಲವಿಲ್ಲದೆ ಮನೆ ಕೊಂಡು ಆಮೇಲೆ ಪಾಲಿಸಿ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಚಂಡಮಾರುತ ಹೊರಟಿದೆ ಅಂತ ಟಿವಿಯಲ್ಲಿ ನೋಡಿ ಓಡಿದರೆ ಆಗೋದಿಲ್ಲ. ಗಾಳಿಯ ನಷ್ಟಕ್ಕೂ ಮೊದಲ ಪಾಲು ಮಾಲೀಕರದ್ದೇ. ಅದು ಸಾಮಾನ್ಯವಾಗಿ ಇಷ್ಟು ಡಾಲರ್ ಅಂತ ಇರೋದಿಲ್ಲ, ವಿಮೆ ಮೊತ್ತದ ಶೇ 2, ಶೇ 5, ಕೆಲವು ಸಲ ಶೇ 10. ಮನೆಗೆ 4 ಲಕ್ಷ ಡಾಲರಿನ ವಿಮೆ ಇದ್ದು, ಶೇ 5 ಅಂತ ಬರೆದಿದ್ದರೆ, ಮೊದಲ 20 ಸಾವಿರ ಡಾಲರ್ ನಿಮ್ಮ ಮಗಳೇ ಹಾಕಬೇಕು.

ಮೇಷ್ಟ್ರೇ, ನೀವು ದಾವಣಗೆರೆಯಲ್ಲೇ ಕೂತು ನೋಡಬಹುದಾದ ಒಂದು ವಿಷಯವಿದೆ. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ ಫೀಮಾದ ಪ್ರವಾಹ ನಕ್ಷೆ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಮನೆ ವಿಳಾಸ ಹಾಕಿ. ಎಇ ಅಥವಾ ವಿಇ ಅಂತ ಬಂದರೆ ಅಪಾಯದ ವಲಯ, ಅಲ್ಲಿ ಬ್ಯಾಂಕಿನ ಸಾಲಕ್ಕೆ ಪ್ರವಾಹ ವಿಮೆ ಕಡ್ಡಾಯ. ವಿಇ ಅಂದರೆ ಅಲೆಯ ಹೊಡೆತವೂ ಇದೆ ಅಂತ. ಎಕ್ಸ್ ಅಂತ ಬಂದರೆ ಅಪಾಯ ಕಡಿಮೆ, ಆದರೆ ಎಕ್ಸ್ ವಲಯದಲ್ಲೂ ನೀರು ನುಗ್ಗಿದ ಮನೆಗಳಿವೆ. ಅಪಾಯದ ವಲಯದಲ್ಲಿ ಇನ್ನೊಂದು ನಿಯಮ: ಜಾಗದ ಬೆಲೆ ಬಿಟ್ಟು ಬರೀ ಕಟ್ಟಡದ ಬೆಲೆಯ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ, ಇದ್ದ ಹಾಗೇ ರಿಪೇರಿ ಮಾಡೋ ಹಾಗಿಲ್ಲ. ಈಗಿನ ನಿಯಮದ ಎತ್ತರಕ್ಕೆ ಮನೆಯನ್ನು ಏರಿಸಬೇಕು. ಹಳೆಯ ಮನೆಗಳವರು ಕಂಗಾಲಾಗೋದು ಇಲ್ಲೇ.

ಮಾರುವವರು ಮುಚ್ಚಿಡುತ್ತಾರಾ ಅನ್ನುವ ಭಯಕ್ಕೆ ಈಗ ಸ್ವಲ್ಪ ಪರಿಹಾರ ಸಿಕ್ಕಿದೆ. 2024ರ ಅಕ್ಟೋಬರ್ 1ರಿಂದ ಫ್ಲಾರಿಡಾದಲ್ಲಿ ಮನೆ ಮಾರುವವರು, ಪ್ರವಾಹಕ್ಕೆ ವಿಮೆ ಪರಿಹಾರ ಕೇಳಿದ್ದರೆ ಅದನ್ನು ಬರೆದು ಕೊಡಲೇಬೇಕು. ಆ ಹಾಳೆ ಮೊದಲು ಕೇಳಲಿ. ಛಾವಣಿ ಯಾವ ವರ್ಷ ಹಾಕಿದ್ದು ಅಂತಲೂ ಕೇಳಲಿ. ಅಲ್ಲಿನ ವಿಮೆ ಕಂಪನಿಗಳು ಮನೆಯ ಒಳಾಂಗಣದ ಅಂದ ನೋಡೋದಿಲ್ಲ, ಛಾವಣಿಯ ವಯಸ್ಸು ನೋಡುತ್ತವೆ. ಮುಂಗಡ ಕೊಡುವ ಮೊದಲೇ ವಿಮೆಯ ದರ ಬರೆಸಿಕೊಳ್ಳಬೇಕು. ಇದನ್ನು ಕೊನೆಗೆ ಬಿಡುವವರೇ ಜಾಸ್ತಿ.

ಮೈದಾನದ ವಿಷಯ. ಫೋಟೊದಲ್ಲಿ ಕೆರೆ ಕಾಣುತ್ತೆ ಅಲ್ವಾ? ಆ ಕೆರೆಗಳು ಬರೀ ಅಂದಕ್ಕೆ ಅಲ್ಲ. ಮಳೆನೀರು ನಿಲ್ಲಿಸೋಕೆ ತೋಡಿದ್ದು. ತೋಡಿದ ಮಣ್ಣನ್ನು ಮನೆಗಳ ಅಡಿಪಾಯ ಎತ್ತರಿಸೋಕೆ ಹಾಕಿರುತ್ತಾರೆ. ಅದರಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರುತ್ತವೆ, ಮೊಮ್ಮಕ್ಕಳು ದಡಕ್ಕೆ ಹೋಗಬಾರದು. ಬೆಳಕು ಹರಿಯುವ ಮೊದಲೇ ಹುಲ್ಲು ಕತ್ತರಿಸುವ ಯಂತ್ರಗಳು ಶುರು. ಇನ್ನು ಚೆಂಡು. ಬಲಗೈಯಲ್ಲಿ ಆಡುವ ಹೊಸಬರ ಹೊಡೆತ ಸಾಮಾನ್ಯವಾಗಿ ಬಲಕ್ಕೆ ಬಾಗುತ್ತೆ. ಆದ್ದರಿಂದ ಹೊಡೆಯುವ ಜಾಗದಿಂದ ಮುಂದಕ್ಕೆ 200 ಗಜದ ಆಸುಪಾಸಿನಲ್ಲಿ, ಬಲಬದಿಗಿರುವ ಮನೆಗಳಿಗೆ ಪೆಟ್ಟು ಜಾಸ್ತಿ. ಹಾಗಿರುವ ಮನೆಯ ಹಿಂದಿನ ಗೋಡೆ ಹತ್ತಿರದಿಂದ ನೋಡಿದ್ದೇನೆ: ಗಾರೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಂಡಗಿನ ಗುಳಿಗಳು, ಜಾಲರಿ ಹಾಕಿದ ಹಿಂದಿನ ಜಗುಲಿಗೆ ಅಲ್ಲಲ್ಲಿ ತೇಪೆ. ಗಾಜು ಒಡೆದರೆ ಯಾರು ಕೊಡುತ್ತಾರೆ ಅಂದರೆ, ಎಷ್ಟೋ ಬಡಾವಣೆಗಳ ಕರಾರಿನಲ್ಲೇ ಬರೆದಿರುತ್ತೆ: ಚೆಂಡು ಬೀಳುತ್ತೆ ಅಂತ ಗೊತ್ತಿದ್ದೇ ಮನೆ ಕೊಂಡಿದ್ದೀರಿ. ಮನೆ ನೋಡೋಕೆ ಹೋದಾಗ ಒಳಗಿನ ಗ್ರಾನೈಟ್ ನೋಡುವ ಮೊದಲು ಹಿಂದಿನ ಗೋಡೆ ನೋಡಿ ಅಂತ ಮಗಳಿಗೆ ಹೇಳಿ.

ಇದಕ್ಕಿಂತ ದೊಡ್ಡ ಪ್ರಶ್ನೆ: ಮೈದಾನ ಯಾರದ್ದು? ಸದಸ್ಯರದ್ದೋ, ಬಿಲ್ಡರ್‌ದೋ, ಬೇರೆ ಕಂಪನಿಯದ್ದೋ? ಅಮೆರಿಕದಲ್ಲಿ 2006ರಿಂದ ಒಂದೂವರೆ ದಶಕ ಹೊಸದಾಗಿ ತೆರೆದ ಗಾಲ್ಫ್ ಮೈದಾನಗಳಿಗಿಂತ ಮುಚ್ಚಿದ್ದೇ ಜಾಸ್ತಿ. ಕೋವಿಡ್ ಆದಮೇಲೆ ಆಟಕ್ಕೆ ಜನ ಬರುತ್ತಿದ್ದಾರೆ ನಿಜ. ಆದರೆ ಮೈದಾನ ಮುಚ್ಚಿದರೆ ನೀವು ಜಾಸ್ತಿ ದುಡ್ಡು ಕೊಟ್ಟು ಕೊಂಡ ಆ ಹಸಿರು ನೋಟದ ಜಾಗದಲ್ಲಿ ಕಳೆ ಬೆಳೆಯುತ್ತೆ, ಇಲ್ಲವೇ ಅಪಾರ್ಟ್‌ಮೆಂಟ್ ಏಳುತ್ತೆ. ಆ ಜಾಗ ಮೈದಾನವಾಗಿಯೇ ಇರಬೇಕು ಅಂತ ನೋಂದಾಯಿತ ಕರಾರು ಇದೆಯಾ ಅಂತ ವಕೀಲರು ಹುಡುಕಬೇಕು. ಸದಸ್ಯರದ್ದೇ ಆಗಿದ್ದರೆ ಕ್ಲಬ್ಬಿನ ಸಾಲ ಎಷ್ಟಿದೆ ನೋಡಬೇಕು. ಉಪ್ಪುನೀರು ನುಗ್ಗಿದರೆ ಹುಲ್ಲು ಸಾಯುತ್ತೆ. ಮರುಹಾಸುವ ಖರ್ಚು ವಿಶೇಷ ವಂತಿಗೆ ಅಂತ ಎಲ್ಲ ಮನೆಗಳ ಮೇಲೂ ಬೀಳುತ್ತೆ. ಕಳೆದ ಮೂರು ವರ್ಷದ ಸಂಘದ ಸಭೆಯ ನಡಾವಳಿ ತರಿಸಿ ಓದಿದರೆ ಇಷ್ಟೂ ಗೊತ್ತಾಗುತ್ತೆ. ನನಗೆ ಕೇಳಿದರೆ ಮಾರಾಟದ ಬ್ರೋಷರಿಗಿಂತ ಆ ನಡಾವಳಿಯೇ ಮನೆಯ ನಿಜವಾದ ಜಾತಕ.

ಬಾಡಿಗೆಯ ಆಸೆಯ ಬಗ್ಗೆ ಎರಡೇ ಮಾತು. ಎಷ್ಟೋ ಸಂಘಗಳು 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡಬಾರದು, ವರ್ಷಕ್ಕೆ ಇಷ್ಟೇ ಸಲ ಕೊಡಬೇಕು, ಕೊಂಡ ಮೊದಲ ವರ್ಷ ಕೊಡಲೇಬಾರದು ಅಂತೆಲ್ಲ ನಿಯಮ ಇಟ್ಟಿರುತ್ತವೆ. ಬಾಡಿಗೆ ಬರೋದೇ ಚಳಿಗಾಲದಲ್ಲಿ, ಅಂದರೆ ನೀವು ಹೋಗಿ ಇರಬೇಕು ಅಂದುಕೊಂಡಿರುವ ತಿಂಗಳುಗಳಲ್ಲೇ. 55 ದಾಟಿದವರಿಗೆ ಮಾತ್ರ ಅನ್ನುವ ಬಡಾವಣೆಗಳೂ ಅಲ್ಲಿ ಬಹಳ. ನಿಮ್ಮ ಮಗಳ ವಯಸ್ಸಿಗೆ, ಚಿಕ್ಕ ಮಕ್ಕಳಿದ್ದರೆ ಅಲ್ಲಿ ಇರೋಕೆ ಬಿಡದೇ ಇರಬಹುದು, ಅದನ್ನೂ ಕೇಳಿಕೊಳ್ಳಲಿ.

ಈಗ ನಿಮ್ಮ ಹೆಸರಿನ ವಿಷಯ. ಮಗಳು ಪ್ರೀತಿಯಿಂದಲೇ ಹೇಳಿದ್ದಾಳೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ನಿಮ್ಮಂಥವರು ಅಲ್ಲಿ ಆಸ್ತಿ ಇಟ್ಟುಕೊಂಡು ತೀರಿಹೋದರೆ ಅಲ್ಲಿ ಮರಣಾನಂತರದ ಆಸ್ತಿ ತೆರಿಗೆ ಇದೆ. ವಿನಾಯಿತಿ ಬರೀ 60 ಸಾವಿರ ಡಾಲರ್. ಭಾರತಕ್ಕೂ ಅಮೆರಿಕಕ್ಕೂ ಈ ತೆರಿಗೆ ಬಗ್ಗೆ ಒಪ್ಪಂದ ಇಲ್ಲ. ನಿಮ್ಮ ಪಾಲು ಒಂದೂವರೆ ಲಕ್ಷ ಡಾಲರ್ ಅಂತ ಇಟ್ಟುಕೊಳ್ಳಿ, ತೆರಿಗೆಯೇ ಸುಮಾರು 26 ಸಾವಿರ ಡಾಲರ್ ಆಗುತ್ತೆ. ಒಂಬತ್ತು ತಿಂಗಳೊಳಗೆ ಲೆಕ್ಕಪತ್ರ ಸಲ್ಲಿಸಬೇಕು. ದುಃಖದಲ್ಲಿರುವ ಮಗಳಿಗೆ ಆ ಹೊರೆ ಯಾಕೆ? ಬದುಕಿರುವಾಗಲೇ ಮಾರಿದರೂ, ಮಾರುವವರು ವಿದೇಶಿಯರಾದರೆ ಕೊಳ್ಳುವವರು ಅವರ ಪಾಲಿನ ಬೆಲೆಯ ಶೇ 15 ಹಿಡಿದು ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟಬೇಕು. ಆಮೇಲೆ ವಾಪಸ್ ಕೇಳಬೇಕು. ಇಲ್ಲಿ ನೋಡಿದರೆ, ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶದ ಆಸ್ತಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಲ್ಲಿ 10 ಲಕ್ಷ ರೂಪಾಯಿ ದಂಡ. ಹೆಸರಿದ್ದರೆ ವೀಸಾಕ್ಕೆ ಅನುಕೂಲ ಆಗುತ್ತೆ ಅಂತ ಯಾರಾದರೂ ಹೇಳಿದ್ದರೆ ಅದೂ ತಪ್ಪು. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವ ಆರು ತಿಂಗಳು ಅಷ್ಟೇ, ಮನೆ ಇರಲಿ ಬಿಡಲಿ.

ಹಾಗಾಗಿ ಕೊಡೋದಾದರೆ ಉಡುಗೊರೆಯಾಗಿ ಕೊಡಿ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಮಕ್ಕಳಿಗೆ ಉಡುಗೊರೆಯೂ ಅದರಲ್ಲಿ ಸೇರುತ್ತೆ. ಆದರೆ 10 ಲಕ್ಷ ರೂಪಾಯಿ ಮೇಲಿನ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತೆ. ನೀವೊಬ್ಬರೇ ಒಂದೂಕಾಲು ಕೋಟಿ ಒಂದೇ ಸಲ ಕಳಿಸಿದರೆ ಟಿಸಿಎಸ್ 23 ಲಕ್ಷ. ಅದನ್ನು ಬೇರೆಯಾಗಿ ಹೊಂದಿಸಬೇಕು. ನೀವು, ಯಜಮಾನತಿ ಇಬ್ಬರೂ ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಸ್ವಲ್ಪ ಕಳಿಸಿದರೆ ನಾಲ್ಕು ಸಲ 10 ಲಕ್ಷದ ಮಿತಿ ಸಿಗುತ್ತೆ, ಟಿಸಿಎಸ್ 17 ಲಕ್ಷಕ್ಕೆ ಇಳಿಯುತ್ತೆ. ಇದು ಹೋದ ದುಡ್ಡಲ್ಲ, ರಿಟರ್ನ್ ಹಾಕಿದರೆ ತೆರಿಗೆಗೆ ಹೊಂದಿಕೆಯಾಗಿ ಮಿಕ್ಕಿದ್ದು ವಾಪಸ್ ಬರುತ್ತೆ. ಆದರೆ ಪಿಂಚಣಿದಾರರಿಗೆ ಅಷ್ಟು ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಳ್ಳೋದು ಸಣ್ಣ ಮಾತಲ್ಲ. ಅಲ್ಲಿ ಮಗಳು ವಿದೇಶದಿಂದ ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಜಾಸ್ತಿ ಉಡುಗೊರೆ ಪಡೆದರೆ 3520 ನಂಬರಿನ ಫಾರಂ ಹಾಕಬೇಕು. ಅಪ್ಪ ಇಷ್ಟು, ಅಮ್ಮ ಇಷ್ಟು ಅಂತ ಒಡೆದರೂ ಒಟ್ಟಿಗೇ ಲೆಕ್ಕ. ತೆರಿಗೆ ಇಲ್ಲ, ಫಾರಂ ಮರೆತರೆ ಮಾತ್ರ ದಂಡ ಮೊತ್ತದ ಶೇ 25ರವರೆಗೂ ಹೋಗಬಹುದು.

ಸೈಟು ಮಾರಿದ ಲಾಭಕ್ಕೆ ತೆರಿಗೆ ಇದೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ, ಬೆಲೆಯೇರಿಕೆ ಲೆಕ್ಕ ಹಾಕದೆ ಶೇ 12.5, ಅಥವಾ ಲೆಕ್ಕ ಹಾಕಿ ಶೇ 20, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸೈಟಿನ ದುಡ್ಡಲ್ಲಿ ಮನೆ ಕೊಂಡರೆ ಸಿಗುವ ವಿನಾಯಿತಿ ಭಾರತದೊಳಗಿನ ಮನೆಗೆ ಮಾತ್ರ, ಫ್ಲಾರಿಡಾದ ಮನೆಗೆ ಸಿಗೋದಿಲ್ಲ. ತೋಟ ಮಾರಿದರೆ, ಅದು ಪಟ್ಟಣದ ಗಡಿಯಿಂದ ನಿಗದಿತ ದೂರದ ಆಚೆ ಇದ್ದರೆ ತೆರಿಗೆಯೇ ಇಲ್ಲ ಅನ್ನೋದು ನಿಜ. ಅಳಿಯ ಇದನ್ನೇ ನೋಡಿ ತೋಟ ಮಾರಿ ಅಂದಿರಬಹುದು. ಆದರೂ ನನ್ನ ಮಾತು ಬದಲಾಗೋದಿಲ್ಲ. ಫಲಕ್ಕೆ ಬಂದ ಅಡಿಕೆ ತೋಟ ನಿಮಗೆ ವರ್ಷವರ್ಷ ಕೊಡುವ ಆಸ್ತಿ. ಆ ಮನೆ ವರ್ಷವರ್ಷ ಕೇಳುವ ಆಸ್ತಿ. ಮಾರಿದ ಮೇಲೆ ಮತ್ತೆ ಸಸಿ ನೆಟ್ಟು ಫಸಲು ನೋಡಬೇಕು ಅಂದರೆ ಐದಾರು ವರ್ಷ ಬೇಕು, ನಿಮ್ಮ ವಯಸ್ಸಿಗೆ ಅದು ಯಾರಿಗೆ ಬೇಕು?

ಇನ್ನೊಂದು. ತೋಟ ‘ತಂದೆಯ ಕಾಲದ್ದು’ ಅಂತ ಬರೆದಿದ್ದೀರಿ. ಪಿತ್ರಾರ್ಜಿತವಾಗಿದ್ದರೆ ಮಗ, ಮಗಳು ಇಬ್ಬರಿಗೂ ಸಮ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅದನ್ನೇ ಹೇಳುತ್ತವೆ. ಮಗನ ಸಹಿ ಇಲ್ಲದೆ ಮಾರಿದರೆ ನಾಳೆ ವ್ಯಾಜ್ಯ. ಸೈಟಿನ ದುಡ್ಡು ಕೊಡುವಾಗಲೂ ಮಗನನ್ನು ಕೂರಿಸಿಕೊಂಡು ಮಾತಾಡಿ, ಮಗಳಿಗೆ ಇಷ್ಟು ಕೊಟ್ಟಿದ್ದೇನೆ ಅಂತ ವಿಲ್ಲಿನಲ್ಲಿ ಬರೆದಿಡಿ. ಅಮೆರಿಕದ ಬ್ಯಾಂಕು ಸಾಲ ಕೊಡುವಾಗ ‘ಇದು ಉಡುಗೊರೆ, ವಾಪಸ್ ಕೇಳೋದಿಲ್ಲ’ ಅಂತ ನಿಮ್ಮಿಂದ ಪತ್ರ ಬರೆಸಿಕೊಳ್ಳುತ್ತೆ. ಆ ಪತ್ರಕ್ಕೆ ಸಹಿ ಹಾಕುವಾಗ ಅದು ನಿಜವಾಗಿರಬೇಕು. ಒಂದು ವೇಳೆ ನಾಳೆ ಆ ದುಡ್ಡು ನಿಮ್ಮ ಆಸ್ಪತ್ರೆ ಖರ್ಚಿಗೆ ಬೇಕಾದೀತು ಅನ್ನಿಸಿದರೆ, ಅಷ್ಟು ಕೊಡಬೇಡಿ. ಮಗಳಿಗೆ ಅದನ್ನು ಬಾಯಿಬಿಟ್ಟು ಹೇಳಿ, ಅವಳು ಅರ್ಥ ಮಾಡಿಕೊಳ್ಳುತ್ತಾಳೆ.

ಪ್ರಶ್ನೆ: ಅಕ್ಕಾ, ನಾನು ಚಿತ್ರದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಕುಂದಾಪುರದ ಕಡೆ ಕಡಲ ಹತ್ತಿರ ‘ಗಾಲ್ಫ್ ವಿಲ್ಲಾ’ ಅಂತ ಒಬ್ಬರು ಬ್ರೋಷರ್ ತಂದುಕೊಟ್ಟರು. ಒಟ್ಟು 28 ಎಕರೆ, 18 ಹೋಲ್ ಗಾಲ್ಫ್, 90 ವಿಲ್ಲಾ. ವಿಲ್ಲಾಗೆ 68 ಲಕ್ಷ. ಈಗಲೇ 15 ಲಕ್ಷ ಕಟ್ಟಿದರೆ ರಿಯಾಯಿತಿ ಅಂತೆ, ಅಗ್ರಿಮೆಂಟ್ ಆಮೇಲೆ ಮಾಡಿಕೊಡ್ತಾರಂತೆ. ಕಟ್ಟಲಾ?

ಉತ್ತರ: ಕಟ್ಟಬೇಡಿ ತಮ್ಮಾ. 18 ಹೋಲಿನ ಪೂರ್ಣ ಮೈದಾನಕ್ಕೇ ನೂರಕ್ಕಿಂತ ಹೆಚ್ಚು ಎಕರೆ ಬೇಕು. 28 ಎಕರೆಯಲ್ಲಿ 90 ವಿಲ್ಲಾ, ರಸ್ತೆ, ಕ್ಲಬ್ ಹೌಸ್ ಎಲ್ಲ ಹೋಗಿ ಉಳಿಯೋದು ಹುಲ್ಲಿನ ತುಂಡು. ಬ್ರೋಷರಿನ ಮೊದಲ ಸಾಲೇ ಲೆಕ್ಕಕ್ಕೆ ಕೂರೋದಿಲ್ಲ.

ಎರಡನೆಯದು, ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. 68 ಲಕ್ಷಕ್ಕೆ ಅದು 6 ಲಕ್ಷ 80 ಸಾವಿರ. ಅವರು ಕೇಳುತ್ತಿರುವುದು ಅದರ ಎರಡರಷ್ಟಕ್ಕಿಂತ ಜಾಸ್ತಿ. 500 ಚದರ ಮೀಟರ್ ಮೀರಿದ ಯೋಜನೆಗೆ ರೇರಾ ನಂಬರ್ ಕಡ್ಡಾಯ. ಆ ನಂಬರ್ ಕೇಳಿ, ಕರ್ನಾಟಕ ರೇರಾದ ಜಾಲತಾಣದಲ್ಲಿ ಹಾಕಿ, ಮಂಜೂರಾದ ನಕ್ಷೆಯಲ್ಲಿ ಗಾಲ್ಫ್ ಅನ್ನುವ ಮಾತೇ ಇದೆಯಾ ನೋಡಿ. ಜಾಹೀರಾತಿನಲ್ಲಿ ಹೇಳಿದ್ದನ್ನು ಕೊಡದಿದ್ದರೆ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕು ನಿಮಗಿದೆ, ಹಾಗಾಗಿ ಆ ಬ್ರೋಷರನ್ನು ಬಿಸಾಡಬೇಡಿ.

ಕಡಲ ಹತ್ತಿರ ಅಂದಮೇಲೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಬರುತ್ತೆ. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಪ್ರದೇಶದಲ್ಲಿ, ಜನಸಾಂದ್ರತೆ ಕಡಿಮೆ ಇರುವ ಕಡೆ, ಭರತದ (ಉಬ್ಬರದ) ನೀರು ಮುಟ್ಟುವ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಅದು 50 ಮೀಟರ್. ಭರತದ ನೀರು ಹತ್ತುವ ಹೊಳೆ, ಹಿನ್ನೀರಿನ ದಡಕ್ಕೂ ನಿಯಮ ಇದೆ. ಕುಂದಾಪುರ ಸುತ್ತ ಅಂಥ ಹೊಳೆ ಬಹಳ. ಸರ್ವೆ ನಂಬರ್ ಇಟ್ಟುಕೊಂಡು ಕರಾವಳಿ ವಲಯದ ನಕ್ಷೆಯಲ್ಲಿ ಎಲ್ಲಿ ಬೀಳುತ್ತೆ ಅಂತ ನೋಡಿಸಿ. ಭೂಪರಿವರ್ತನೆ ಆದೇಶ ಕೇಳಿ. ಸಾಧ್ಯವಾದರೆ ಜುಲೈನಲ್ಲಿ ಹೋಗಿ ಜಾಗ ನೋಡಿ. ದುರ್ಗದ ಮಳೆ ನೋಡಿದ ಕಣ್ಣಿಗೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಕಡೆಯ ಗೋಡೆ, ಕಬ್ಬಿಣ ಹೇಗಿರುತ್ತೆ ಅಂತ ಗೊತ್ತಾಗಬೇಕು. ನೀವು ಕಬ್ಬಿಣದ ವ್ಯಾಪಾರಿ, ಉಪ್ಪುಗಾಳಿಗೆ ಗೇಟು, ಗ್ರಿಲ್ಲು ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿನ ಹಳೆಯ ಮನೆಯವರ ಹತ್ತಿರ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತಾ ಅಂತಲೂ ಕೇಳಿ.

ಪ್ರಶ್ನೆ: ಹರಿಹರದಿಂದ ಬರೆಯುತ್ತಿದ್ದೇನೆ. ಅಣ್ಣ ಅಮೆರಿಕದಲ್ಲಿ ಮನೆ ಕೊಳ್ಳುತ್ತಿದ್ದಾನೆ. ನಾವು ಕಳಿಸಬೇಕಾದ ದುಡ್ಡಿಗೆ ಮೊದಲು ಒಂದು ಖಾತೆ ನಂಬರ್ ಬಂದಿತ್ತು. ನಿನ್ನೆ ಇಮೇಲ್‌ನಲ್ಲಿ ‘ಖಾತೆ ಬದಲಾಗಿದೆ, ಇದಕ್ಕೆ ಹಾಕಿ’ ಅಂತ ಬಂದಿದೆ. ಹಾಕಬಹುದಾ?

ಉತ್ತರ: ಹಾಕಲೇಬೇಡಿ. ಮನೆ ನೋಂದಣಿಯ ಕೊನೆ ದಿನಗಳಲ್ಲಿ ಇಮೇಲ್ ಕದ್ದು ನೋಡಿ, ಖಾತೆ ಬದಲಾಗಿದೆ ಅಂತ ಸುಳ್ಳು ಪತ್ರ ಕಳಿಸುವ ಮೋಸ ಅಲ್ಲಿ ಬಹಳ ನಡೆಯುತ್ತೆ. ಅಣ್ಣನಿಗೆ ಈಗಲೇ ಫೋನ್ ಮಾಡಿ. ನೋಂದಣಿ ಮಾಡಿಸುವ ಟೈಟಲ್ ಕಂಪನಿಗೆ ಅವನೇ ಫೋನ್ ಮಾಡಿ ಕೇಳಲಿ. ಆ ಇಮೇಲ್‌ನಲ್ಲಿರುವ ನಂಬರಿಗೆ ಅಲ್ಲ, ಮೊದಲ ದಿನ ಕಂಪನಿಯವರು ಕೈಗೆ ಕೊಟ್ಟ ಕಾಗದದಲ್ಲಿರುವ ನಂಬರಿಗೆ. ಸಾಧ್ಯವಾದರೆ ದುಡ್ಡನ್ನು ಅಣ್ಣನ ಸ್ವಂತ ಖಾತೆಗೇ ಕಳಿಸಿ, ಅಲ್ಲಿಂದ ಮುಂದಕ್ಕೆ ಅವನೇ ಕಟ್ಟಲಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ಈ ಪತ್ರಿಕೆ ಮುಚ್ಚಿಟ್ಟು ನೇರ ನಿಮ್ಮ ಬ್ಯಾಂಕಿಗೆ ಹೋಗಿ, ಹಣ ತಡೆಹಿಡಿಯಲು ಬರೆದು ಕೊಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ದೂರು ದಾಖಲಿಸಿ.